ಮಾವನ ಮುಂಗಡ ಮಳೆ

ನನ್ನ ಸೋದರಮಾವ ಬೆವರು ಒರೆಸಿಕೊಳ್ಳುತ್ತ ಕೂತಿದ್ದಾರೆ ಅಂದರೆ ಅವರು ಮಳೆಯಲ್ಲಿ ನೆನೆಯುತ್ತಿದ್ದಾರೆ ಅಂತ ತಿಳಿಯಬೇಕು! ನಿಜವಾದ ಮಳೆಯಲ್ಲೇ ನೆನೆಯುತ್ತಿದ್ದರೆ ಅವರಿಗೆ ಅದು ದೀಪಾವಳಿ. ನಾವೆಲ್ಲ ದೀಪಾವಳಿಯ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೊರಟಾಗ ಅವರು ಸಂಕ್ರಾಂತಿಯ ಎಳ್ಳು ಹಂಚಿ ಮುಗಿಸಿ ಶಿವರಾತ್ರಿಯ ಜಾಗರಣೆಗೆ ಅಣಿಯಾಗಿರುತ್ತಾರೆ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಅದರ ಮೊದಲ ಹಾಳೆಗಳನ್ನು ಹರಿದು ಒಲೆಗೆ ಹಾಕುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣಬೇಕೆಂದಿದ್ದರೆ ಅಂಕೋಲೆಯಲ್ಲಿ ಇಳಿದು ಶೆಟಗೇರಿಗೆ ಬನ್ನಿ. ದಾರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. "ಮುಂದಿನ ತಿಂಗಳಲ್ಲಿ ಇರುವವರ ಮನೆಯಾ? ಹಾಂಗೇ ಸೀದಾ ಹೋಗಿ."

ಇದು ಹುಚ್ಚಲ್ಲ. ಹುಚ್ಚಾಗಿದ್ದರೆ ಔಷಧ ಇರುತ್ತಿತ್ತು. ಇದು ಸಾಹಿತ್ಯ.

ನೀವು ಮಾಸಪತ್ರಿಕೆ ಬಿಡಿಸುತ್ತೀರಿ. 'ಮೊದಲ ಮಳೆ' ಅಂತ ಒಂದು ಕವನ. ಹೊರಗೆ ಮಳೆ, ಒಳಗೆ ಬಿಸಿ ಚಹ, ಕೈಯಲ್ಲಿ ಕವನ. ಆಹಾ, ಕವಿ ಕಿಟಕಿ ಪಕ್ಕ ಕೂತು ಹನಿ ಎಣಿಸುತ್ತ ಬರೆದಿರಬೇಕು ಅಂದುಕೊಳ್ಳುತ್ತೀರಿ. ಅಯ್ಯೋ ಪಾಪ! ಕವಿ ಅದನ್ನು ಬರೆಯುವಾಗ ಬನಿಯನ್ ಕಳಚಿ, ಬೀಸಣಿಗೆ ಬೀಸಿಕೊಳ್ಳುತ್ತ, ಬೆನ್ನಿನ ಬೆವರುಸಾಲೆಯನ್ನು ಗೋಡೆಗೆ ತಿಕ್ಕಿಕೊಳ್ಳುತ್ತಿದ್ದ. ಬಾವಿಯ ತಳ ಕಾಣುತ್ತಿತ್ತು. ಪತ್ರಿಕೆಯಲ್ಲಿ ಬರುವ ಎಲ್ಲ ಮಳೆಯೂ ಬಿಸಿಲಲ್ಲೇ ಹುಟ್ಟಿದ್ದು. ಇದು ನನಗೆ ಹೇಗೆ ಗೊತ್ತು ಅಂದರೆ, ಆ ಮಳೆಗಳನ್ನು ಟೈಪ್ ಮಾಡಿದವಳು ನಾನು. ಶೆಟಗೇರಿಯಲ್ಲಿ ಮಾವ ಕಾಗದದ ಮೇಲೆ ಬರೆದು ಕೊಡುವುದು, ನಾನು ಅಂಕೋಲೆಯಿಂದ ಕಾರವಾರದ ನನ್ನ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಒತ್ತಿ ಸಂಪಾದಕರಿಗೆ ಮೇಲ್ ಮಾಡುವುದು. ಕನ್ನಡ ಕಾವ್ಯಕ್ಕೆ ನನ್ನ ಸೇವೆ ಅಷ್ಟೇ. ಆದರೆ ರಸ್ತೆಯ ಪ್ರತಿ ಹೊಂಡದಲ್ಲೂ ಒಂದೊಂದು ಅಕ್ಷರ ತಪ್ಪಿದ್ದು ನನ್ನ ಸ್ವಂತ ಕೊಡುಗೆ.

ಮಾವ ಮೊದಲಿಂದ ಹೀಗಿರಲಿಲ್ಲವಂತೆ. ಬಹಳ ಹಿಂದೆ, ಅವರ ಮೀಸೆ ಇನ್ನೂ ಕರಿಯಿದ್ದಾಗ, ಒಂದು ಮೃಗಶಿರ ಮಳೆಗೆ ಅವರ ಎದೆ ತುಂಬಿ ಬಂತು. ತುಂಬಿದ್ದನ್ನು ಬರೆದು ಅದೇ ವಾರ ಅಂಚೆಗೆ ಹಾಕಿದರು. ಸಂಪಾದಕರಿಂದ ಕಾರ್ಡು ಬಂತು. ಕವನ ಚೆನ್ನಾಗಿದೆಯಂತೆ. ಆದರೆ ಮಳೆಯ ಸಂಚಿಕೆ ಬೇಸಿಗೆಯಲ್ಲೇ ಸಿದ್ಧವಾಗಿಬಿಟ್ಟಿದೆಯಂತೆ. ಇನ್ನು ಮುಂದೆ ದಯವಿಟ್ಟು ಮೂರು ತಿಂಗಳು ಮೊದಲೇ ಕಳಿಸಬೇಕಂತೆ.

ಬೇರೆಯವರಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದರು. ಮಾವ ಆಗ ಕಾರವಾರದ ಬಂದರು ಕಚೇರಿಯಲ್ಲಿದ್ದರು. ಕಚೇರಿಯ ಹೊರಗೊಂದು ಕರಿ ಹಲಗೆ. ನಾಳೆ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಅಂತ ಅದರ ಮೇಲೆ ಇವತ್ತೇ ಬರೆದಿಡುವುದು ಅವರ ಕೆಲಸ. ಲೆಕ್ಕ ಎಲ್ಲಿಯೋ ಯಾರೋ ಮಾಡಿ ಕಳಿಸಿದ್ದು. ಸೀಮೆಸುಣ್ಣ ಹಿಡಿದ ಕೈ ಮಾತ್ರ ಇವರದು. ಆದರೆ ದಿನವೂ ಬರೆದು ಬರೆದು, ಬರೆದ ಹೊತ್ತಿಗೇ ನೀರು ಬರುವುದನ್ನು ನೋಡಿ ನೋಡಿ, ಸಮುದ್ರ ಇವರ ಹಲಗೆ ಓದಿಕೊಂಡೇ ಏಳುತ್ತದೆ ಬೀಳುತ್ತದೆ ಅನ್ನುವ ಒಂದು ನಂಬಿಕೆ ಒಳಗೆಲ್ಲೋ ಕೂತುಬಿಟ್ಟಿತ್ತು. ಮುಂಗಡ ಬರೆಯುವುದೆಂದರೆ ಅವರಿಗೆ ಕಷ್ಟವೇ ಅಲ್ಲ.

"ಇಡೀ ಅರಬ್ಬಿ ಸಮುದ್ರ ನಾ ಬರೆದ ಹಾಂಗೆ ಕೇಳ್ತದೆ. ಈ ಮನೆಯಲ್ಲಿ ನನ್ನ ಮಾತು ಕೇಳುವವರು ಇಲ್ಲ," ಅನ್ನುತ್ತಿದ್ದರು ಊಟಕ್ಕೆ ಕೂತಾಗ.

"ಸಮುದ್ರಕ್ಕೆ ನಿಮಗೆ ಅಡಿಗೆ ಮಾಡಿ ಹಾಕೂಕಿಲ್ಲ ನೋಡಿ. ಅದಕ್ಕೇ ಕೇಳ್ತದೆ," ಅನ್ನುತ್ತಿದ್ದರು ಅತ್ತೆ, ಸಾರು ಬಡಿಸುತ್ತ.

ಅತ್ತೆ ಅಂದರೆ ಮಾವನ ಹೆಂಡತಿ. ಅವರ ಬಗ್ಗೆ ಏನು ಹೇಳಲಿ? ಮನೆಯಲ್ಲಿ ಇಬ್ಬರೇ, ಒಬ್ಬರು ಆಷಾಢದಲ್ಲಿ, ಒಬ್ಬರು ಚೈತ್ರದಲ್ಲಿ. ಚೈತ್ರದಲ್ಲಿದ್ದವರೇ ನೀರು ಸೇದಬೇಕು!

ನೀರು ಸೇದುವ ಮಾತು ಸುಮ್ಮನೆ ಬರಲಿಲ್ಲ. ಉರಿ ಬಿಸಿಲಲ್ಲಿ ಮಳೆಯ ಕವನ ಬರೆಯಬೇಕಾದರೆ ಕವಿಗೆ ಮಳೆಯ ಸದ್ದು ಬೇಡವೇ? ಮಾವ ಬಚ್ಚಲಮನೆಯೊಳಗೆ ಕಾಗದ ಪೆನ್ನು ಹಿಡಿದು ಕೂರುವುದು. ಅತ್ತೆ ಹೊರಗೆ ಕಟ್ಟೆಯ ಮೇಲೆ ನಿಂತು ಬಚ್ಚಲಿನ ತಗಡಿನ ಮಾಡಿಗೆ ಕೊಡಪಾನದಿಂದ ನೀರು ಹೊಯ್ಯುವುದು. ಒಂದು ಸಲ ನಾನು ಅಲ್ಲೇ ಇದ್ದೆ.

"ಜೋರು! ಇನ್ನೂ ಜೋರು!" ಒಳಗಿಂದ ಕವಿವಾಣಿ. "ಇದು ಬರೀ ಮೃಗಶಿರ ಆಯ್ತು. ನಂಗೆ ಆರಿದ್ರೆ ಮಳೆ ಬೇಕು!"

"ಆರಿದ್ರೆ ಬೇಕಾದ್ರೆ ಹೊರಗೆ ಬಂದು ಬಾವಿಗೆ ನೀವೇ ಇಳೀರಿ. ನನ್ನ ರಟ್ಟೆಯಲ್ಲಿ ಇರೂದು ಇಷ್ಟೇ ಮಳೆ."

ಆ ಕವನ ಅಚ್ಚಾಯಿತು. ಎಲ್ಲೋ ಬಯಲುಸೀಮೆಯ ಓದುಗರೊಬ್ಬರು, ಕರಾವಳಿಯ ಮಳೆಯ ಸಹಜವಾದ ನಾದ ಇದರಲ್ಲಿದೆ ಅಂತ ಪತ್ರಿಕೆಗೆ ಮೆಚ್ಚಿಕೆ ಬರೆದರು. ಮಾವ ಅದನ್ನು ಜೋರಾಗಿ ಓದಿದರು. ಅತ್ತೆ ಭುಜಕ್ಕೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತ, "ನಾದ ಇಲ್ಲುಂಟು ಅಂತ ಅವರಿಗೊಂದು ಕಾರ್ಡು ಬರೀರಿ," ಅಂದರು.

ಇನ್ನು ಸಂಪಾದಕರ ಕತ್ತರಿಯ ವಿಷಯ. ಇದೂ ನಿಮಗೆ ಗೊತ್ತಿರಲಿ. ಬರೆದದ್ದೆಲ್ಲ ಅಚ್ಚಾಗುವುದಿಲ್ಲ. ಪುಟದಲ್ಲಿ ಎಷ್ಟು ಜಾಗ ಉಂಟೋ ಅಷ್ಟು ಅಚ್ಚಾಗುತ್ತದೆ. ಮಾವನ ಉದ್ದುದ್ದದ ಕವನಗಳು ಎಷ್ಟೋ ಸಲ ಯಾರದೋ ಕಥೆಯ ಕೊನೆಗೆ ಉಳಿದ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುದುಡಿ ಕೂತಿವೆ. ಅವರಿಗೆ ಬೇಸರವೇ ಇಲ್ಲ! ಸಂಪಾದಕರ ಎದುರು ಅವರು ಒಂದು ದಿನವೂ ಉಸಿರೆತ್ತಿದವರಲ್ಲ. ಪುಷ್ಯಮಾಸದ ಥಂಡಿಯಲ್ಲಿ ಉಪ್ಪಿನಕಾಯಿ ಚೀಪುತ್ತ ಕೂತು ನಮ್ಮ ಅಂಕೋಲೆಯ ಇಶಾಡ ಮಾವಿನಹಣ್ಣಿನ ಮೇಲೆ ಒಂದು ಪ್ರಬಂಧ ಬರೆದಿದ್ದರು. ಬಣ್ಣ, ಪರಿಮಳ, ರಸ ಎಲ್ಲ ಕತ್ತರಿಗೆ ಹೋಗಿ, ಅಜ್ಜಿ ಗೊರಟು ಹೂತ ಒಂದು ಸಂಗತಿ ಮಾತ್ರ ಅಚ್ಚಾಗಿ ಬಂತು.

"ಮಾವಾ, ಹಣ್ಣು ತಿಂದು ಗೊರಟು ಛಾಪಿಸಿದ್ರಲ್ಲ!" ಅಂದೆ.

"ಇರ್ಲಿ ತಂಗಿ," ಅಂದರು ಮಾವ. "ಮರ ಆಗೂದು ಗೊರಟಿನಿಂದಲೇ."

ಮುಂಗಡ ಬದುಕಿಗೆ ಅಪಾಯವೂ ಉಂಟು. ಒಂದು ನವರಾತ್ರಿಯ ಉರಿ ಬಿಸಿಲಲ್ಲಿ ಸದಾಶಿವಗಡದ ಹತ್ತಿರ, ಕಾಳಿ ನದಿಯ ದಡದಲ್ಲಿ, ತಲೆಗೆ ಮಫ್ಲರು ಸುತ್ತಿಕೊಂಡು ಮಂಜಿನ ಕವನಕ್ಕೆ ಕೂತಿದ್ದರು. ಮೀನು ಮಾರಿ ಬರುತ್ತಿದ್ದ ಹೆಂಗಸೊಬ್ಬಳು ಇವರ ಹಣೆ ಮುಟ್ಟಿ ನೋಡಿ, "ಜ್ವರ್ ನಾ ಗೋ," ಅಂತ ತನ್ನ ಕೊಂಕಣಿಯಲ್ಲಿ ಜೊತೆಯವಳಿಗೆ ಹೇಳಿದಳು. ಜ್ವರವಿಲ್ಲ ಅಂದಮೇಲೆ ಇದು ಬೇರೆ ಏನೋ ಇರಬೇಕು ಅಂತ ಇಬ್ಬರೂ ಬುಟ್ಟಿ ಎತ್ತಿಕೊಂಡು ದೂರ ಸರಿದರು.

ಇನ್ನೊಂದು ಆಷಾಢದಲ್ಲಿ ಅರ್ಗಾದ ನೆಂಟರ ಮನೆಗೆ ಹೋದವರು, ದೀಪಾವಳಿ ವಿಶೇಷಾಂಕದ ಪ್ರಬಂಧಕ್ಕೆ ಪಟಾಕಿಯ ಸದ್ದು ಗುಡ್ಡಕ್ಕೆ ಬಡಿದು ಹೇಗೆ ವಾಪಸು ಬರುತ್ತದೆ ಅಂತ ಪರೀಕ್ಷಿಸಲು ಹೊರಟರು. ಹೋದ ವರ್ಷದ ಒಂದು ಪಟಾಕಿ ನೆಂಟರ ಅಟ್ಟದಲ್ಲಿ ಬೆಚ್ಚಗೆ ಉಳಿದಿತ್ತು. ಅರ್ಗಾ ಅಂದರೆ ಗೊತ್ತಲ್ಲ, ಒಂದು ಕಡೆ ಹಳ್ಳಿ, ಇನ್ನೊಂದು ಕಡೆ ನೌಕಾಪಡೆಯ ದೊಡ್ಡ ಗೋಡೆ. ಮಳೆ ನಿಂತ ಒಂದು ಗಳಿಗೆ ನೋಡಿ ಢಮಾರ್! ಸದ್ದು ಗುಡ್ಡದಿಂದ ವಾಪಸು ಬರುವುದರೊಳಗೆ ಗೇಟಿನಿಂದ ಕಾವಲುಗಾರ ಬಂದ. ಹಿಂದಿಯವನು.

"ದಿವಾಲಿ ಅಕ್ತೂಬರ್ ಮೇ ಹೈ ಅಂಕಲ್!"

"ಗೊತ್ತುಂಟು ಮಾರಾಯ," ಅಂದರು ಮಾವ ಕನ್ನಡದಲ್ಲೇ. "ಸಂಚಿಕೆಯೂ ಅಕ್ಟೋಬರಿನದ್ದೇ!"

ನೆಂಟರು ಕೈ ಮುಗಿದು ಬಿಡಿಸಿಕೊಂಡು ಬಂದರು. ಈಗಲೂ ಮಾವ ಹೋದರೆ ಆ ಮನೆಯವರು ಮೊದಲು ಚೀಲ ಇಸಿದುಕೊಳ್ಳುತ್ತಾರೆ, ಆಮೇಲೆ ನೀರು ಬೆಲ್ಲ.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಮಾವ ಒಂದು ಹೆಜ್ಜೆ ಮುಂದೆ ಹೋದರು. ಪರಿಚಯದವರು ತೀರಿಕೊಂಡರೆ ಒಂದು ಶ್ರದ್ಧಾಂಜಲಿ ಕವನ ಬರೆಯಬೇಕಲ್ಲ? ತೀರಿಕೊಂಡ ಮೇಲೆ ಬರೆದರೆ ಅದು ಅಚ್ಚಾಗುವುದು ಮೂರು ತಿಂಗಳ ನಂತರ. ಅಷ್ಟರಲ್ಲಿ ಮನೆಯವರು ಸತ್ತವರ ಚಪ್ಪಲಿಯನ್ನೂ ಯಾರಿಗೋ ಕೊಟ್ಟಿರುತ್ತಾರೆ. ಹಾಗಾದರೆ? ಹಾಗಾದರೆ ಬದುಕಿರುವಾಗಲೇ ಬರೆದಿಡಬೇಕು! ಅಂಕೋಲೆಯ ಪೇಟೆಯಲ್ಲಿ ಮಾವ ಯಾರನ್ನಾದರೂ ನಿಲ್ಲಿಸಿ, "ನಿಮ್ಮ ಮೂಲ ಊರು ಯಾವುದು? ಚಿಕ್ಕಂದಿನಲ್ಲಿ ಈಜು ಬರ್ತಿತ್ತಾ?" ಅಂತ ಕೇಳಿದರೆ ಜನ ಮನೆಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚತೊಡಗಿದರು.

ಹೆದರದವರು ಒಬ್ಬರೇ, ಪಕ್ಕದ ಮನೆಯ ನಿವೃತ್ತ ಮಾಸ್ತರರು. ಸುದ್ದಿ ತಿಳಿದು ತಾವೇ ಬಂದು ಜಗಲಿಯಲ್ಲಿ ಕೂತರು.

"ನಂದು ಬರೆದಿಟ್ಟಿದ್ಯಂತಲ್ಲ. ಓದು ನೋಡುವಾ."

ಮಾವ ಓದಿದರು. ಮಾಸ್ತರರು ಕಣ್ಣು ಮುಚ್ಚಿ ತಮ್ಮ ಸಾವನ್ನು ಪೂರ್ತಿ ಕೇಳಿದರು.

"ಶಾಂತಮೂರ್ತಿ ಅಂತ ಹಾಕಿದ್ಯಲ್ಲ, ಅದು ತೆಗಿ. ನಮ್ಮನೆಯದು ಓದಿದ್ರೆ ನಗಾಡ್ತದೆ. ಮತ್ತೆ ನಾನು ನಾಟಕದಲ್ಲಿ ಭೀಮನ ಪಾರ್ಟು ಮಾಡಿದ್ದು ಬಿಟ್ಟುಹೋಗಿದೆ."

"ಅದಕ್ಕೆ ಇನ್ನೊಂದು ಚರಣ ಬೇಕಾಗ್ತದೆ ಮಾಸ್ತರೇ."

"ಬರಿ. ನಂಗೇನು ಅವಸರ ಇಲ್ಲ."

ಅಂದಿನಿಂದ ಮಾಸ್ತರರು ಆಗಾಗ ಬಂದು ತಮ್ಮ ಚರಮಗೀತೆಯನ್ನು ತಿದ್ದಿಸಿಕೊಂಡು ಹೋಗುತ್ತಾರೆ. ಮೊಮ್ಮಗ ಹುಟ್ಟಿದಾಗ ಒಂದು ಸಾಲು ಸೇರಿತು. ಕಣ್ಣಿನ ಪೊರೆ ತೆಗೆಸಿಕೊಂಡಾಗ ಒಂದು ಸಾಲು ಕಡಿಮೆಯಾಯಿತು. "ಇಷ್ಟು ಚಂದ ಬರೆದ ಮೇಲೆ ಸಾಯದೆ ಇರೂದು ಮರ್ಯಾದೆ ಅಲ್ಲ, ಆದ್ರೂ ಎಂತ ಮಾಡೂದು?" ಅನ್ನುತ್ತಾರೆ, ಚಹದ ಲೋಟ ಕೆಳಗಿಡುತ್ತ.

ಒಂದು ದಿನ ಹೀಗೇ ಅವರ ತಿದ್ದುಪಡಿ ನಡೆದಿತ್ತು. ಅತ್ತೆ ಬಾಗಿಲಿಗೆ ಒರಗಿ ನಿಂತು ಕೇಳಿದರು. "ಊರವರದ್ದೆಲ್ಲ ಆಯ್ತು. ನಂದು ಬರೆದ್ರೋ?"

ಮಾಸ್ತರರು ನಕ್ಕರು. ನಾನೂ ನಕ್ಕೆ. ಮಾವ ಮಾತ್ರ ಕಾಗದ ಮಡಚಿ ಎದ್ದುಹೋಗಿ, ಯಾವ ಕೆಲಸವೂ ಇಲ್ಲದ ಅಂಗಳದಲ್ಲಿ ಸುಮ್ಮನೆ ಒಂದು ತೆಂಗಿನ ಮಡಲು ಎಳೆದು ಆಚೆ ಹಾಕಿದರು. ಮತ್ತೆ ಅದನ್ನೇ ಎಳೆದು ಈಚೆ ಹಾಕಿದರು.

ಹೋದ ಸಂಕ್ರಾಂತಿ ಕಳೆದ ಮೇಲೆ ಅತ್ತೆಗೆ ಊಟ ಸೇರದಾಯಿತು. ಕಾರವಾರದಲ್ಲಿ ತೋರಿಸಿದೆವು. ಅವರು ಗೋವೆಗೆ ಕರೆದುಕೊಂಡು ಹೋಗಿ ಅಂದರು. ಗೋವೆಯ ಡಾಕ್ಟರು ನನ್ನನ್ನೂ ಮಾವನನ್ನೂ ಬಾಗಿಲಾಚೆ ಕರೆದರು. ಹೊಟ್ಟೆಯೊಳಗಿನ ಗಡ್ಡೆ ಬಹಳ ಮುಂದೆ ಹೋಗಿದೆ, ಮಳೆಗಾಲ ಕಾಣುವುದು ಕಷ್ಟ ಅಂದರು. ಮುಂದೆ ಹೋಗುವುದೆಂದರೆ ಏನು ಅಂತ ಮಾವನಿಗಿಂತ ಚೆನ್ನಾಗಿ ತಿಳಿದವರು ಯಾರು?

ವಾಪಸು ಬರುವಾಗ ಮಾವ ಸದಾಶಿವಗಡದ ಅಂಗಡಿಯೊಂದರ ಮುಂದೆ ಬಾಡಿಗೆ ಕಾರನ್ನು ನಿಲ್ಲಿಸಿದರು. ಡಾಂಬರು ಕರಗುವ ಬಿಸಿಲು. ಎಳನೀರು ತರಲು ಇಳಿದರೇನೋ ಅಂತ ನಾನು ಅಂದುಕೊಂಡರೆ, ಹೊಸ ಛತ್ರಿ ಹಿಡಿದುಕೊಂಡು ಬಂದರು. ಕರಿ ಬಟ್ಟೆಯದು, ಮರದ ಹಿಡಿಕೆಯದು.

"ಈ ಬಿಸಿಲಲ್ಲಿ ಎಂತಕೆ ಇದು?" ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿದ್ದ ಅತ್ತೆ ಕೇಳಿದರು.

"ಆಷಾಢಕ್ಕೆ," ಅಂದರು ಮಾವ. ಕಾಳಿ ಸೇತುವೆ ದಾಟುವವರೆಗೂ ಮುಂದಿನ ಸೀಟಿನಲ್ಲಿ ಆ ಛತ್ರಿಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡಿದ್ದರು.

ಆ ವಾರವೇ ಅವರು ಮಳೆ ವಿಶೇಷಾಂಕಕ್ಕೆ ಒಂದು ಪ್ರಬಂಧ ಬರೆದು ನನ್ನ ಕೈಗಿಟ್ಟರು. ಬಸ್ಸಿನಲ್ಲಿ ಬಿಡಿಸಿ ನೋಡಿದೆ. ಆಷಾಢದ ಒಂದು ಮಧ್ಯಾಹ್ನ. ಧೋ ಅಂತ ಮಳೆ. ಕೊಪ್ಪರಿಗೆ ತುಂಬಿ ಹರಿಯುವ ನೀರು, ಗದ್ದೆಯಲ್ಲಿ ಕಪ್ಪೆ, ಅಂಗಳದಲ್ಲಿ ಪಾಚಿ. ಪೇಟೆಯಿಂದ ನೆನೆದು ಬಂದ ಗಂಡ. ಒಳಗೆ ಒಲೆಯ ಮುಂದೆ ಒಣ ಬಂಗಡೆ ಸುಡುತ್ತಿರುವ ಹೆಂಡತಿ. ಗಟ್ಟಿಮುಟ್ಟಾಗಿದ್ದಾಳೆ. ಎದ್ದು ಬಂದು ಅವನನ್ನು ಬೈಯುತ್ತಾಳೆ.

ಟೈಪ್ ಮಾಡದೆ ಮಡಚಿ ಚೀಲಕ್ಕೆ ಹಾಕಿದೆ. ಸಂಜೆ ಸೀದಾ ಶೆಟಗೇರಿಗೆ ಹೋದೆ.

"ಮಾವಾ, ಇದು..."

"ಸಂಚಿಕೆ ಆಷಾಢದ್ದು ತಂಗಿ," ಅಂದರು ಅವರು, ನನ್ನ ಮುಖ ನೋಡದೆ. "ಆಷಾಢದಲ್ಲಿ ನಿನ್ನ ಅತ್ತೆ ಒಲೆ ಮುಂದೆಯೇ ಕೂರೂದು. ಮತ್ತೆಲ್ಲಿ ಹೋಗ್ತದೆ? ಒಂದು ಸಲ ಅಚ್ಚಿಗೆ ಹೋಯ್ತು ಅಂದ್ರೆ ಮುಗೀತು. ಬಂದರಿನ ಹಲಗೆ ಮೇಲೆ ನಾ ಬರೆದ ಭರತ ಒಂದು ದಿನವಾದ್ರೂ ತಪ್ಪಿದ್ದುಂಟಾ?"

ಏನು ಹೇಳುತ್ತೀರಿ ಇದಕ್ಕೆ? ಒಳಗೆ ಮಂಚದ ಮೇಲಿಂದ ಅತ್ತೆ ಕರೆದರು.

"ಎಂತ ಬರೆದಾರೆ? ಓದೇ."

ಓದಿದೆ. ಅತ್ತೆ ಸೂರು ನೋಡುತ್ತ ಕೇಳಿದರು. ಹೆಂಡತಿ ಬೈಯುವ ಕಡೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"'ಇಷ್ಟೊಂದು ನೆನೆದಿರಲ್ಲ, ಆರೋಗ್ಯ ನೋಡಿಕೊಳ್ಳಬಾರದೇ' ಅಂತ ನಾ ಹೇಳ್ತೆನಾ? ನಾ ಎಂತ ಸಿನೆಮಾದ ಹೆಂಗಸಾ?" ಅಂದವರೇ ದಿಂಬಿಗೆ ಒರಗಿ ಕೂತರು. ಎಷ್ಟೋ ದಿನದ ಮೇಲೆ ತಾವಾಗಿ ಕೂತದ್ದು. "ಆಷಾಢದಲ್ಲಿ ನಾ ಎಂತ ಬಯ್ತೆ ಅಂತ ಅವರಿಗೆಂತ ಗೊತ್ತುಂಟು? ಒಂದು ವರ್ಷವಾದ್ರೂ ಕೇಳಿದ್ದುಂಟಾ? ಆಷಾಢದಲ್ಲಿ ಅವರು ದೀಪಾವಳಿಯಲ್ಲಿರ್ತಿದ್ರು! ನಾ ಹೇಳ್ತೆ, ನೀ ಬರಕಾ."

ಹಾಗೆ ಶಿವರಾತ್ರಿಯ ಸೆಕೆಯಲ್ಲಿ ಕೂತು ಅತ್ತೆ ಆಷಾಢದ ಬೈಗುಳ ಹೇಳಿದರು, ನಾನು ಒತ್ತಿಕೊಂಡೆ. ಒಂದೇ ದಿನಕ್ಕೆ ಮುಗಿಯಲಿಲ್ಲ. ನಾನು ಹೋದಾಗಲೆಲ್ಲ, "ಕೂತ್ಕೋ, ಇನ್ನೊಂದು ನೆನಪಾಯ್ತು," ಅನ್ನುತ್ತಿದ್ದರು. ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟರೆ ಉಪ್ಪು ನೀರಾಗುತ್ತದೆ ಅಂತ ಬೈದರು. ಒಣ ಮೀನಿನ ಡಬ್ಬಿ ಒಲೆಯ ಮೇಲಿನ ಅಟ್ಟದಲ್ಲಿದೆ, ಬೆಕ್ಕಿಗಿಂತ ಮೊದಲು ಗಂಡನ ಕೈ ಅಲ್ಲಿಗೆ ಹೋಗಬಾರದು ಅಂತ ಬೈದರು. ಒದ್ದೆ ಬನಿಯನ್ ಹಾಕಿಕೊಂಡು ಕವನ ಬರೆದರೆ ಕೆಮ್ಮು ಬರುತ್ತದೆ, ಕೆಮ್ಮಿಗೆ ಕಾಳುಮೆಣಸು ಎಲ್ಲಿದೆ ಅಂತ ಗೊತ್ತುಂಟಾ ನಿಮಗೆ, ಗೊತ್ತಿಲ್ಲ, ಗೋಡೆಗೂಡಿನಲ್ಲಿ ಎಡಗಡೆ ಅಂತ ಬೈದರು. ನಡುನಡುವೆ ನೋವು ಬಂದರೆ ಹಲ್ಲು ಕಚ್ಚಿ ಕಣ್ಣು ಮುಚ್ಚುವುದು. ನೋವು ಇಳಿದ ಕೂಡಲೇ, "ಎಲ್ಲಿಗೆ ಬಂತು? ಹ್ಞಾಂ, ಕಾಳುಮೆಣಸು."

ಮಾವ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು ಅಂತ ನನಗೆ ಗೊತ್ತು. ಅತ್ತೆಗೂ ಗೊತ್ತಿತ್ತು.

ಪ್ರಬಂಧ ಹೋಯಿತು. ಕೆಲವು ದಿನ ಬಿಟ್ಟು ಸಂಪಾದಕರ ಉತ್ತರ ಬಂತು. ಪ್ರಬಂಧ ಸೊಗಸಾಗಿದೆ, ಮಳೆಯ ವರ್ಣನೆ ಬಹಳ ಹಿಡಿಸಿತು, ಆದರೆ ಪುಟ ಸಾಲದು, ಮನೆಯವರ ಮಾತು ವಿಪರೀತ ಉದ್ದವಾಗಿದೆ, ಅದನ್ನು ತೆಗೆದು ಅರ್ಧಕ್ಕೆ ಇಳಿಸಿಕೊಡಿ ಅಂತ. ತಪ್ಪೇನಿಲ್ಲ ಅವರದು. ಅವರಿಗೇನು ಗೊತ್ತು?

ಮಾವನಿಗೆ ಓದಿ ಹೇಳಿದೆ. ಗೊರಟು ಛಾಪಿಸಿದಾಗಲೂ ನಕ್ಕ ಮನುಷ್ಯ! ನಾಲ್ಕು ಸಾಲಿಗೆ ಮುದುಡಿದಾಗಲೂ ಉಸಿರೆತ್ತದ ಮನುಷ್ಯ! ಎದ್ದು ನಿಂತೇಬಿಟ್ಟರು.

"ಬರಿ ತಂಗಿ. ಅದರ ಮಾತಿನಲ್ಲಿ ಒಂದು ಅಕ್ಷರ ತೆಗಿಯೂಕಿಲ್ಲ. ಪುಟ ಸಾಲದಿದ್ರೆ ಮಳೆ ತೆಗೀರಿ ಅಂತ ಬರಿ."

"ಮಾವಾ, ಅದು ಮಳೆ ವಿಶೇಷಾಂಕ!"

"ಆಗ್ಲಿ. ಮಳೆ ಆಷಾಢದಲ್ಲಿ ಎಲ್ಲರ ಮನೆಗೂ ಬರ್ತದೆ. ಅದನ್ನ ಛಾಪಿಸೂಕೆ ಎಂತ ಉಂಟು?"

ಹಾಗೇ ಬರೆದೆ. ಉತ್ತರವಿಲ್ಲ. ದಿನ ಕಳೆದವು. ಇಶಾಡ ಹಣ್ಣು ಪೇಟೆಗೆ ಬಂತು. ಅತ್ತೆಗೆ ಅದರ ರಸ ಒಂದು ಚಮಚ ಇಳಿದರೆ ಹೆಚ್ಚು. ನಾನು ಬಸ್ಸಿಳಿದು ಬರುವುದನ್ನು ಕಂಡರೆ ಮಾವ ಡಾಕ್ಟರು ಏನಂದರು ಅಂತ ಕೇಳುತ್ತಿರಲಿಲ್ಲ, ಸಂಪಾದಕರು ಏನಂದರು ಅಂತ ಕೇಳುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಮೊಬೈಲಿಗೆ ಬಂತು. 'ಆಗಲಿ. ನಿಮ್ಮ ಇಷ್ಟದಂತೆಯೇ ಸ್ವೀಕರಿಸಿದ್ದೇವೆ.'

ಫೋನ್ ಮಾಡಿ ಹೇಳಿದೆ. ಮಾವ ಫೋನ್ ಕೆಳಗಿಡದೆಯೇ ಒಳಗೆ ಓಡಿದ್ದು ಕೇಳಿಸಿತು. "ಸ್ವೀಕೃತ ಆಯ್ತು! ಕೇಳಿತೇನೇ? ಅಚ್ಚಿಗೆ ಹೋಯ್ತು! ಇನ್ನು ಆಷಾಢಕ್ಕೆ ನೀ ಇರಲೇಬೇಕು!"

ಬಹಳ ದೂರದಿಂದ ಬಂದ ಹಾಗೆ ಅತ್ತೆಯ ದನಿ. "ನಾ ಎಂತ ಸಮುದ್ರವಾ, ನೀವು ಬರೆದ ಹಾಂಗೆ ಬರೂಕೆ?"

ಮಳೆ ಮಂಗಳೂರಿಗೆ ಬಂತು ಅಂತ ಟಿವಿಯವರು ಹೇಳಿದ ದಿನ ಅತ್ತೆ ಹೋದರು. ಮಂಗಳೂರಿನಿಂದ ಇಲ್ಲಿಗೆ ಎಷ್ಟು ದೂರ! ಇನ್ನೊಂದು ಎರಡು ದಿನ. ಅಂಗಳದ ಮಣ್ಣು ಇನ್ನೂ ಬಿಸಿಯಾಗಿತ್ತು. ಮಾಸ್ತರರು ಬಂದು ಮಾವನ ಪಕ್ಕ ಕೂತರು. ಮಾವನ ಕೈ ಹಿಡಿದು ಹೇಳಿದರು. "ನಂದು ಹರಿದು ಹಾಕು ಮಾರಾಯ. ನಾ ಹೋದ ಮೇಲೆ ನಿಧಾನಕ್ಕೆ ಬರಿ. ತಡ ಆದ್ರೂ ಅಡ್ಡಿಲ್ಲ."

ಮಾವ ಅತ್ತೆಯ ಮೇಲೆ ಏನೂ ಬರೆಯಲಿಲ್ಲ. ದೀಪಾವಳಿ ವಿಶೇಷಾಂಕಕ್ಕೆ ಬರಹ ಕೇಳಿ ಮೇಲ್ ಬಂತು. ಹೇಳಿದೆ. "ಮಳೆಗಾಲ ಮುಗೀಲಿ," ಅಂದರು. ಮಾವನ ಬಾಯಲ್ಲಿ ಆ ಮಾತು! ನಾನು ಹೆದರಿಹೋದೆ.

ಗೌರವ ಪ್ರತಿ ನನ್ನ ಆಫೀಸಿನ ವಿಳಾಸಕ್ಕೆ ಬಂತು. ಆಷಾಢದ ಶನಿವಾರ. ಮಳೆ ಅಂದರೆ ಮಳೆ! ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೆರಗಿನೊಳಗೆ ಇಟ್ಟುಕೊಂಡು ಬಂದೆ. ಶೆಟಗೇರಿಯ ಸ್ಟಾಪಿನಲ್ಲಿ ಮಾವ ನಿಂತಿದ್ದರು, ಸದಾಶಿವಗಡದ ಛತ್ರಿ ಹಿಡಿದುಕೊಂಡು. ಒಂದೇ ಛತ್ರಿಯಲ್ಲಿ ಇಬ್ಬರೂ ಅರ್ಧರ್ಧ ನೆನೆಯುತ್ತ ಮನೆಗೆ ಹೋದೆವು. ಒಲೆ ತಣ್ಣಗಿತ್ತು. ಮಾವ ಛತ್ರಿಯನ್ನು ನಡುಮನೆಯ ಕಂಬಕ್ಕೆ ಒರಗಿಸಿ, ನನ್ನ ಎದುರು ಚಾಪೆ ಹಾಸಿ ಕೂತರು.

"ಓದು."

ಬಿಡಿಸಿದೆ. ಸಂಪಾದಕರು ಮಾತಿಗೆ ತಪ್ಪಿರಲಿಲ್ಲ. ಮಳೆ ವಿಶೇಷಾಂಕದ ನಟ್ಟನಡುವೆ ಒಂದು ಹನಿಯೂ ಮಳೆಯಿಲ್ಲದ ಪ್ರಬಂಧ! ಕಪ್ಪೆಯಿಲ್ಲ, ಪಾಚಿಯಿಲ್ಲ, ತುಂಬಿ ಹರಿಯುವ ಕೊಪ್ಪರಿಗೆಯಿಲ್ಲ. ಗಂಡ ಬಾಗಿಲಿಗೆ ಬರುತ್ತಾನೆ, ಅಷ್ಟೇ. ಮುಂದೆ ಪೂರ್ತಿ ಅತ್ತೆ. ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಆರಿದ್ರೆಯ ಹಾಗೆ ಜೋರು. ಅದನ್ನು ಮೀರಿ ಕೇಳಲಿ ಅಂತ ನಾನು ದನಿ ಎತ್ತಿ ಓದಿದೆ.

"'ಬಂದ್ರೋ? ಕಾಲು ತೊಳಕಣಿ ಮೊದಲು. ಆ ಛತ್ರಿ ತಂದು ನಡುಮನೆಯಲ್ಲಿ ನಿಲ್ಲಿಸಿದ್ರಾ? ನೆಲ ಒದ್ದೆ ಮಾಡಿ ಯಾರ ಸೊಂಟ ಮುರಿಯೂಕೆ? ಜಗಲಿ ಮೂಲೆಯಲ್ಲಿ ಇಡಿ ಅಂತ ಎಷ್ಟು ಸಲ ಹೇಳೂದು ನಿಮಗೆ?'"

ನಾನು ತಲೆಯೆತ್ತಿದೆ. ಕಂಬದ ಬುಡದಿಂದ ನೀರಿನ ಗೆರೆಯೊಂದು ನೆಲದ ಮೇಲೆ ಹರಿದು ಚಾಪೆಯ ತನಕ ಬಂದಿತ್ತು. ಮಾವ ಅದನ್ನೇ ನೋಡುತ್ತಿದ್ದರು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದರು. ಛತ್ರಿ ಎತ್ತಿಕೊಂಡು ಹೊರಗೆ ಹೋಗಿ ಜಗಲಿಯ ಮೂಲೆಯಲ್ಲಿಟ್ಟರು. ಕಾಲು ತೊಳೆದ ಸದ್ದು ಕೇಳಿಸಿತು. ಒಳಗೆ ಬಂದು ಹೆಗಲ ಮೇಲಿನ ಪಂಚೆಯಿಂದ ನೆಲ ಒರೆಸಿ, ಮತ್ತೆ ಚಾಪೆಯ ಮೇಲೆ ಕೂತರು.

"ಇಟ್ಟೆ," ಅಂದರು, ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನಿಧಾನಕ್ಕೆ ಓದು ತಂಗಿ. ಮುಂದೆ ಎಂತ ಹೇಳ್ತದೆ ಕೇಳುವಾ."